ಬಣ್ಣದ ಮಾತು

ಪರಭಾಷೆಯೊಂದನ್ನು ಕಲಿಯಹೊರಟವರಿಗೆ ಮೊದಮೊದಲು ಎದುರಾಗುವ ಪಾಠಗಳಲ್ಲಿ ಬಣ್ಣಗಳ ಹೆಸರೂ ಒಂದು. ಅದರ ಬೆನ್ನಿಗೇ ಮನುಷ್ಯರ ರೂಪವರ್ಣನೆ ಬರುತ್ತದೆ. ಜಪಾನೀ ಭಾಷೆಯ ಪ್ರಥಮ ಪಾಠಗಳನ್ನು ಓದುತ್ತಿರುವ ನನಗೆ ಇವೆರಡೂ ನಮ್ಮ ಸೀಮೆಯ ಪಾಠಗಳೇ ಎನಿಸಿದವು.

ಜಪಾನಿಯಲ್ಲಿ ಬಣ್ಣ ಹೇಳುವ ಹಳೆಯ ಗುಣವಾಚಕಗಳು ನಾಲ್ಕು. ಅಕಾಯಿ ಕೆಂಪು, ಶಿರೋಯಿ ಬಿಳಿ, ಕುರೋಯಿ ಕಪ್ಪು. ಅಓಯಿ ಎಂದರೆ ನೀಲಿ. ಆದರೆ ಎಳೆಯ ಎಲೆಗೂ, ಬೀದಿಯ ಹಸಿರು ದೀಪಕ್ಕೂ ಅವರು 'ಅಓ' ಎಂದೇ ಅನ್ನುತ್ತಾರೆ. ಬೇರೆ ಎಷ್ಟೋ ಬಣ್ಣಗಳಿಗೆ ವಸ್ತುಗಳ ಹೆಸರೇ ಆಧಾರ. 'ಇರೋ' ಎಂದರೆ ಬಣ್ಣ. ಕಂದು 'ಚಾಇರೋ', ಅಂದರೆ ಚಹದ ಬಣ್ಣ. 'ಹಾಯಿಇರೋ' ನಮ್ಮ ಬೂದಿಬಣ್ಣವೇ. ಇಳಕಲ್ಲಿನ ಸೀರೆ ಕೊಳ್ಳುವಾಗ ನಮ್ಮ ತಾಯಂದಿರು ದಾಳಿಂಬರಿ ಬಣ್ಣ, ಗಿಣಿಹಸಿರು ಎನ್ನುವುದಿಲ್ಲವೆ? ಹಸಿರಿಗೆ 'ಮಿದೋರಿ', ಎಳೆಯ ಮಗುವಿಗೆ 'ಮಿದೋರಿಗೋ'. ಹಸುಗೂಸು ಎನ್ನುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮನುಷ್ಯರ ವರ್ಣನೆ. 'ಸೇ ಗ ತಕಾಯಿ' ಎಂದರೆ ನಿಲುವು ಎತ್ತರ; 'ಕಾಮಿ ಗ ನಗಾಯಿ' ಎಂದರೆ ಕೂದಲು ಉದ್ದ. ಪದಗಳ ಕ್ರಮವೂ ಕನ್ನಡದ್ದೇ. 'ಇರೋ ಗ ಶಿರೋಯಿ' ಎಂದರೆ ಮೈಬಣ್ಣ ಬಿಳಿ. ಬಿಳಿಯ ಮೈ ಏಳು ಕುಂದುಗಳನ್ನು ಮುಚ್ಚುತ್ತದೆಂಬುದು ಅಲ್ಲಿಯ ಹಳೆಯ ಗಾದೆ. ಇದನ್ನೋದಿ ನಾನು ಪುಸ್ತಕ ಮುಚ್ಚಿಟ್ಟೆ.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ನಮಗೆ ಎರೆಭೂಮಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಆ ಕರಿಯ ಮಣ್ಣೇ ಹಿಂಗಾರಿಯಲ್ಲಿ ಬಿಳಿಜೋಳ ಕೊಡುತ್ತದೆ. ನೆಲ ಕರ್ರಗಿದ್ದರೆ ಕೊಳ್ಳುವವನ ಮುಖ ಅರಳುತ್ತದೆ. ಆದರೆ ನನ್ನ ಅಕ್ಕನನ್ನು ನೋಡಲು ಬಂದವರು, "ಹುಡುಗಿ ಚಲೋ ಅದಾಳ, ಬಣ್ಣ ಕಡಿಮಿ" ಎಂದು ಎದ್ದುಹೋದರು. ಬಿಸಿಲಿನಲ್ಲಿ ಕಳೆ ತೆಗೆದ ಕೂಲಿಯಿಂದ ನನ್ನ ಕಾಲೇಜಿನ ಫೀ ತುಂಬಿದವಳು ಅವಳು. ನಮ್ಮ ಮನೆತನದಲ್ಲಿ ಬಿ.ಎ. ತರಗತಿಗೆ ಬಂದವಳು ನಾನೇ ಮೊದಲಿಗಳು. ಆ ಮೊದಲಿನ ಹಿಂದೆ ಅವಳ ಮೈಬಣ್ಣವಿದೆ.

ಹೊಳೆಯುವ ಕರಿಗೂದಲನ್ನು ಜಪಾನೀಯರು 'ಮಿದೋರಿ ನೋ ಕುರೊಕಾಮಿ' ಎಂದು ಹೊಗಳುತ್ತಾರೆ; ಪದಶಃ, ಹಸಿರಿನ ಕರಿಗೂದಲು. ಕಪ್ಪಿನಲ್ಲಿ ಚಿಗುರಿನ ಹೊಳಪನ್ನು ಕಂಡ ಜನ ಅವರು. ಕೂದಲಿನ ಕಪ್ಪಿಗೆ ಹೊಗಳಿಕೆ, ನೆಲದ ಕಪ್ಪಿಗೆ ಬೆಲೆ. ಮೈಯ ಕಪ್ಪಿಗೆ ಮಾತ್ರ ಅಲ್ಲಿಯೂ ಇಲ್ಲಿಯೂ ಏಕೆ ಈ ಕುಂದು?

1915ರಲ್ಲಿ ಮಸ್ಕಿಯಲ್ಲಿ ಪತ್ತೆಯಾದ ಶಾಸನ 'ದೇವಾನಾಂಪ್ರಿಯ'ನೆಂಬ ದೊರೆ ಅಶೋಕನೇ ಎಂದು ಜಗತ್ತಿಗೆ ತಿಳಿಸಿತು. ಬೇರೆ ಶಾಸನಗಳಲ್ಲಿ ಆತನಿಗೆ 'ಪ್ರಿಯದರ್ಶಿ' ಎಂಬ ಹೆಸರುಂಟು. ಪ್ರೀತಿಯಿಂದ ನೋಡುವವನೆಂದು ಅದಕ್ಕೆ ಅರ್ಥ ಹೇಳುತ್ತಾರೆ. ತಾನು ನೋಡುವ ಬಗೆಯಿಂದ ಹೆಸರಾದ ದೊರೆಯ ಕಲ್ಲು ನಮ್ಮ ನೆರೆಯಲ್ಲೇ ಇದೆ. ಪದವೀಧರರಾಗಿ ಹೊರಡುವ ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೆ: ನಾಳೆ ಮದುವೆಯ ಮಾತಿಗೆ ಕುಳಿತಾಗ, "ಬಣ್ಣ ಹೆಂಗೈತಿ?" ಎಂಬ ಪ್ರಶ್ನೆ ನಮ್ಮ ಬಾಯಿಂದ ಬಾರದಿರಲಿ.