ಮುಚ್ಚಳದ ಮರ್ಮ

ಕಂಕನಾಡಿಯಲ್ಲಿ ಒತ್ತಡ ಅಳೆಯುವವರು ಎರಡು ಬಗೆ. 1880ರಲ್ಲಿ ಫಾದರ್ ಮುಲ್ಲರ್ ಅವರು ತೊಡಗಿದ ಔಷಧಾಲಯ ಇಂದು ದೊಡ್ಡ ಆಸ್ಪತ್ರೆ. ಅಲ್ಲಿ ವೈದ್ಯರು ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡುತ್ತಾರೆ. ಅದೇ ಪೇಟೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ರೇಡಿಯೇಟರಿನ ಕೊರಳಿಗೆ ಕೈಪಂಪು ಸಿಕ್ಕಿಸಿ ನೀರಿನ ಒತ್ತಡ ನೋಡುತ್ತಾನೆ. ಇಬ್ಬರಿಗೂ ಮೊದಲು ಬೇಕಾದುದು ತಾಳ್ಮೆ.

ನಿವೃತ್ತ ಮಾಸ್ತರರಿಗೆ ಆ ಸಂಜೆ ಅದೇ ಇರಲಿಲ್ಲ. ಮರುದಿನ ಹಾಸನದಲ್ಲಿ ಮಗಳ ಸೀಮಂತ. ಹಳೆಯ ಕಾರು ಉಗಿ ಕಾರುತ್ತ ಗ್ಯಾರೇಜು ಸೇರಿತ್ತು. ಬಾನೆಟ್ ಎತ್ತಿದವರೇ ಮುಚ್ಚಳಕ್ಕೆ ಕೈ ಹಾಕಿದರು. ಮೆಕ್ಯಾನಿಕ್ ಮಣಿಕಟ್ಟನ್ನೇ ಹಿಡಿದ.

“ಮುಟ್ಟಬೇಡಿ ಮಾಸ್ತರೇ!” ಎಂದು ತನ್ನ ಮುಂಗೈ ತೋರಿಸಿದ. ಕೆಲಸ ಕಲಿಯುವ ವಯಸ್ಸಿನಲ್ಲಿ ಸುಟ್ಟ ಕಲೆ ಇನ್ನೂ ಮಾಸಿರಲಿಲ್ಲ.

ತೆರೆದ ಪಾತ್ರೆಯ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಚದರ ಸೆಂಟಿಮೀಟರಿಗೆ 1 ಕಿಲೋದಷ್ಟು ಹೆಚ್ಚಿನ ಒತ್ತಡವಿದ್ದರೆ ಸುಮಾರು 120ರವರೆಗೂ ಕುದಿಯದು. ಕುಕ್ಕರಿನ ತೂಕದಂತೆ, ಮುಚ್ಚಳದ ಸ್ಪ್ರಿಂಗ್ ಆ ಒತ್ತಡವನ್ನು ಕಾಯುತ್ತದೆ. ಬಿಸಿಯಿದ್ದಾಗ ತೆರೆದರೆ ತಡೆದಿದ್ದ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಎಂಜಿನ್ ಪೂರ್ತಿ ತಣಿದ ಮೇಲೆ ಪರೀಕ್ಷೆ ಮೊದಲಾಯಿತು. ಮುಚ್ಚಳವನ್ನು ಪಂಪಿಗೆ ಕೂರಿಸಿ ನೋಡಿದರೆ ಅದು ನಿರ್ದೋಷಿ. ಕೊರಳಿಗೆ ಪಂಪು ಹಾಕಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ತುಂಬಿದರೆ ಮುಳ್ಳು ಮೆಲ್ಲನೆ ಇಳಿಯಿತು. ಹೊರಗೆಲ್ಲೂ ಒಂದು ಹನಿಯೂ ಇಲ್ಲ. ಎಂಜಿನ್ ಚಾಲೂ ಮಾಡಿದರೆ, ನೀರು ಬೆಚ್ಚಗಾಗುವ ಮೊದಲೇ ಮೇಲಿನ ಹೋಸ್ ಪೈಪು ಕಲ್ಲಿನಂತಾಯಿತು.

“ಇದು ಆವಿಯಲ್ಲ, ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ.”

“ಹೊಸ ಮುಚ್ಚಳ ಹಾಕಿಕೊಡು. ಹೇಗೋ ಶಿರಾಡಿ ಘಟ್ಟ ಹತ್ತಿಸುತ್ತೇನೆ.”

“ಮುಚ್ಚಳ ಮಾರಿದರೆ ನನಗೆ ಲಾಭವೇ, ಮಾಸ್ತರೇ. ಆದರೆ ರೋಗ ಅಲ್ಲಿಲ್ಲ. ಅಮ್ಮನವರನ್ನು ಕೂರಿಸಿಕೊಂಡು ಘಟ್ಟದ ನಡುವೆ ನಿಂತರೆ? ನಾಳೆ ಬಸ್ಸಿನಲ್ಲಿ ಹೋಗಿ ಬನ್ನಿ.”

ಮಾಸ್ತರರು ಮೌನವಾದರು. ತರಗತಿಯಲ್ಲಿ ಗದ್ದಲ ಮಾಡಿದವನೊಬ್ಬ, ಕೈಗೆ ಸಿಕ್ಕಿ ಪೆಟ್ಟು ತಿಂದವನೊಬ್ಬ: ಅಂಥ ಮುಖವೊಂದು ನೆನಪಾಗಿರಬೇಕು.

ಮರುದಿನ ಘಟ್ಟದ ತಿರುವಿನಲ್ಲಿ ಬಾನೆಟ್ ತೆರೆದ ಕಾರೊಂದು ಉಗಿಯಾಡುತ್ತಿತ್ತು. ಯಾರೋ ಮುಚ್ಚಳಕ್ಕೆ ಕೈಚಾಚುತ್ತಿದ್ದರು.

“ಮುಟ್ಟಬೇಡಿ!” ಬಸ್ಸಿನ ಕಿಟಕಿಯಿಂದ ಮಾಸ್ತರರು ತರಗತಿಯ ಕಂಠದಲ್ಲಿ ಗರ್ಜಿಸಿದರು. ಚಾಚಿದ ಕೈ ಬೆಚ್ಚಿ ಹಿಂದೆ ಸರಿಯಿತು. ಪಕ್ಕದಲ್ಲಿದ್ದ ಮಡದಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು.