ತೀರಿಹೋದವರ ಹಾರ್ಡ್ ಡಿಸ್ಕ್

2000ದ ಆಸುಪಾಸಿನಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಡೇಟಾ ರಿಕವರಿ ಎನ್ನುವುದು ಬೇರೆಯೇ ಕಸುಬಾಗಿರಲಿಲ್ಲ. ಕಂಪ್ಯೂಟರ್ ಅಸೆಂಬಲ್ ಮಾಡುವವರು, ಮಾನಿಟರ್ ರಿಪೇರಿಯವರು, ಕಾರ್ಟ್ರಿಜ್ಜಿಗೆ ಇಂಕು ತುಂಬುವವರು ಪುರುಸೊತ್ತಾದಾಗ ಅದನ್ನೂ ಮಾಡಿಕೊಡುತ್ತಿದ್ದರು. ನಾನು ಕೈ ಪಳಗಿಸಿಕೊಂಡದ್ದು ಅಂಥದೇ ಒಂದು ಅಂಗಡಿಯಲ್ಲಿ. ಗಿರಾಕಿಗಳಲ್ಲಿ ಹೆಚ್ಚಿನವರು ಲೆಕ್ಕ ಬರೆಯುವವರು, ಡಿಟಿಪಿಯವರು, ಫೋಟೊ ಸ್ಟುಡಿಯೊದವರು. ನಡುವೆ ಯಾವಾಗಲಾದರೊಮ್ಮೆ ಇಡೀ ಸಿಪಿಯುವನ್ನು ಆಟೊದಲ್ಲಿ ಹೇರಿಕೊಂಡು ಬರುವ ಮನೆಯವರು ಇರುತ್ತಿದ್ದರು. “ಅಣ್ಣ, ನಮ್ಮ ತಂದೆ ಹೋಗ್ಬಿಟ್ರು. ಇದರಲ್ಲಿ ಏನೇನೋ ಬರೆದಿಟ್ಟಿದ್ರು. ನಮಗೆ ತೆಗೆಯೋಕೆ ಬರ್ತಿಲ್ಲ.”

ಆಗ ತೆಗೆಯುವುದು ಕಷ್ಟವಿರಲಿಲ್ಲ. ವಿಂಡೋಸ್ 98 ಪಾಸ್‌ವರ್ಡ್ ಕೇಳಿದಾಗ ಎಸ್ಕೇಪ್ ಒತ್ತಿದರೆ ಒಳಗೆ ಬಿಡುತ್ತಿತ್ತು. ಎಕ್ಸ್‌ಪಿಯಲ್ಲಿ ಅದು ನಡೆಯಲಿಲ್ಲ. ಆದರೆ ಡಿಸ್ಕ್ ಬಿಚ್ಚಿ, ಹಿಂದಿನ ಜಂಪರನ್ನು ಸ್ಲೇವ್ ಮಾಡಿ, 40 ಪಿನ್ನಿನ ರಿಬ್ಬನ್ ಕೇಬಲ್ಲಿಗೆ ಸಿಕ್ಕಿಸಿ ನಮ್ಮ ಮೆಶಿನ್ನಿನಲ್ಲಿ ತೆರೆದರೆ ಎಲ್ಲವೂ ಕಾಣುತ್ತಿತ್ತು. ಬೀಗ ಇದ್ದದ್ದು ವಿಂಡೋಸಿಗೆ, ಡಿಸ್ಕಿಗಲ್ಲ. ಡಿಲೀಟ್ ಮಾಡಿದ್ದೂ ಹೋಗಿರುತ್ತಿರಲಿಲ್ಲ. ಆ ಜಾಗ ಖಾಲಿ ಎಂದು ಸಿಸ್ಟಮ್ಮು ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ, ಅಷ್ಟೆ; ಬೇರೆ ಫೈಲು ಬಂದು ಅಲ್ಲಿ ಕೂರುವ ತನಕ ಹಳೆಯದು ಬಿದ್ದಲ್ಲೇ ಬಿದ್ದಿರುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಹಾಗೇ.

ಆ ವರ್ಷಗಳ ಕೆಲಸದಲ್ಲಿ ನನ್ನನ್ನು ಹೆಚ್ಚು ಹಿಡಿದು ಕೂರಿಸಿದ್ದು ಕನ್ನಡದ ಫೈಲುಗಳು. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಊರಿನ ಕೆರೆ, ಗುಡಿ, ಮನೆತನಗಳ ಚರಿತ್ರೆಯನ್ನು ಕಂಪ್ಯೂಟರಿನಲ್ಲಿ ಬರೆಯುತ್ತ ಬರೆಯುತ್ತಲೇ ತೀರಿಕೊಂಡಿದ್ದರು. ಯಾರೋ ಹುಡುಗರು ಅದಕ್ಕೆ ಹೊಸದಾಗಿ ವಿಂಡೋಸ್ ಹಾಕಿಬಿಟ್ಟಿದ್ದರು. ಕರ್ಮ ಮುಗಿಸಿ ಅಮೆರಿಕಕ್ಕೆ ವಾಪಸು ಹೊರಟಿದ್ದ ಮಗ ಡಿಸ್ಕ್ ತಂದುಕೊಟ್ಟರು. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಓಡಿಸಿದೆ. ಅದು ಪಟ್ಟಿಯನ್ನು ನಂಬುವುದಿಲ್ಲ. ಡಿಸ್ಕನ್ನು ಮೊದಲಿಂದ ಕೊನೆಯ ತನಕ ಓದುತ್ತ, ಪ್ರತಿಯೊಂದು ಬಗೆಯ ಫೈಲಿನ ತಲೆಭಾಗದಲ್ಲಿರುವ ಗುರುತನ್ನು ನೋಡಿ ಹೆಕ್ಕಿ ತೆಗೆಯುತ್ತದೆ. ಹಾಗಾಗಿ ಫೈಲು ಸಿಗುತ್ತದೆ, ಅದರ ಹೆಸರು ಸಿಗುವುದಿಲ್ಲ. ಸಾವಿರಾರು ಫೈಲುಗಳಿಗೆ ಬರೀ ನಂಬರು. ಮಗ ಒಂದೆರಡನ್ನು ತೆರೆದು ನೋಡಿ ತಲೆ ಆಡಿಸಿದರು. ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಕಲಸಿ ಹೋದ ಸಾಲುಗಳು. “ಕೆಟ್ಟುಹೋಗಿದೆ ಬಿಡಿ” ಎಂದರು.

ಕೆಟ್ಟಿರಲಿಲ್ಲ. ಯುನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಕನ್ನಡದ ಅಕ್ಷರ ಇರುತ್ತಿದ್ದದ್ದು ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಜ್ಜು. ನುಡಿ ಹಾಕಿ ಫಾಂಟ್ ಬದಲಿಸಿದ ಕೂಡಲೇ ಪುಟ ತುಂಬ ಮೇಷ್ಟ್ರ ವಾಕ್ಯಗಳು ಬಂದವು. ಆದರೆ ಸಾವಿರಾರು ಫೈಲುಗಳಲ್ಲಿ ಅವರ ಚರಿತ್ರೆ ಯಾವುದು? ಊರಿನ ಕೆರೆಯ ಹೆಸರನ್ನು ನುಡಿಯಲ್ಲಿ ಟೈಪ್ ಮಾಡಿ, ಫಾಂಟ್ ತೆಗೆದು, ಉಳಿಯುವ ಇಂಗ್ಲಿಷ್ ಅಕ್ಷರಗಳ ಸಾಲನ್ನೇ ಹುಡುಕಿದೆ. ಒಂದೊಂದಾಗಿ ಅಧ್ಯಾಯಗಳು ಸಿಕ್ಕವು. ಒಂದೇ ಅಧ್ಯಾಯದ ಹಲವು ಕರಡುಗಳೂ ಸಿಕ್ಕವು. ಆಮೇಲೆ ಇದೇ ಉಪಾಯ ಎಷ್ಟೋ ಮನೆಗಳ ಫೈಲುಗಳಿಗೆ ಆಯಿತು. ಇವತ್ತಿಗೂ ಅಪ್ಪ-ಅಜ್ಜಂದಿರ ಹಳೆಯ ಫೈಲು ಓದಲು ಬರುತ್ತಿಲ್ಲ ಎಂದು ಬಿಸಾಡುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ನಮ್ಮ ಯಜಮಾನರು ಒಂದು ಪದ್ಧತಿ ಇಟ್ಟಿದ್ದರು. ಏನಿದೆ ಎಂದು ನಾವು ನೋಡಿ ಹೇಳುವುದಿಲ್ಲ. ಏನು ಬೇಕು ಎಂದು ನೀವು ಹೇಳಿ, ಹುಡುಕಿಕೊಡುತ್ತೇವೆ. ಮೊದಮೊದಲು ಅದು ನನಗೆ ಸಮಯ ಉಳಿಸುವ ಮಾತಾಗಿ ಕೇಳಿಸಿತ್ತು. ಬರಬರುತ್ತಾ ಅದರ ತೂಕ ತಿಳಿಯಿತು. ತೀರಿಹೋದವರ ಡಿಸ್ಕಿನಲ್ಲಿ ವಿಮೆಯ ನಂಬರು, ಮದುವೆಯ ಫೋಟೊ ಇರುವಂತೆ ಕಳಿಸದೇ ಬಿಟ್ಟ ಪತ್ರ, ಸಾಲದ ಲೆಕ್ಕ, ಮನೆಯವರಿಗೆ ಹೇಳದ ಕಾಯಿಲೆಯ ರಿಪೋರ್ಟೂ ಇರುತ್ತವೆ. ಅವರು ಅಳಿಸಿದ್ದನ್ನು ನಾವು ಎಬ್ಬಿಸುತ್ತೇವೆ ಎನ್ನುವುದು ಸಣ್ಣ ಮಾತಲ್ಲ. ಬದುಕಿದ್ದಾಗ ಬೇಡವೆಂದು ತೆಗೆದದ್ದನ್ನು, ಅವರು ಮಾತಾಡಲಾರದ ಹೊತ್ತಿನಲ್ಲಿ, ಕೇಳದೇ ಎತ್ತಿ ಮಕ್ಕಳ ಕೈಗೆ ಕೊಡುವುದು ತಪ್ಪು ಎಂದೇ ನನ್ನ ನಂಬಿಕೆ. ಡಿಸ್ಕ್ ಈಗ ಯಾರದೋ ಅವರಿಗೆ ಎಲ್ಲದರ ಹಕ್ಕೂ ಇದೆ ಎಂದು ವಾದಿಸುವ ಗೆಳೆಯರಿದ್ದಾರೆ. ಅವರ ಜೊತೆ ಈ ವಿಷಯದಲ್ಲಿ ನನಗೆ ಎಂದೂ ಒಪ್ಪಂದವಾಗಿಲ್ಲ.

ಕಟಕಟ ಸದ್ದು ಮಾಡುವ ಡಿಸ್ಕುಗಳದ್ದು ಬೇರೆ ಕಥೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಹೆಡ್ ತೇಲುತ್ತಿರುತ್ತದೆ. ಒಂದು ಧೂಳಿನ ಕಣ ಅದಕ್ಕೆ ಬಂಡೆ. ಅದಕ್ಕೇ ಕ್ಲೀನ್ ರೂಮ್ ಇಲ್ಲದ ಕಡೆ ಡಿಸ್ಕಿನ ಮುಚ್ಚಳ ಬಿಚ್ಚಕೂಡದು. ಯಾರದೋ ಮಾತು ಕೇಳಿ ಫ್ರಿಜ್ಜಿನಲ್ಲಿಟ್ಟು ತರುತ್ತಿದ್ದರು. ಒಳಗೆ ಹನಿ ಕಟ್ಟಿ ಇದ್ದದ್ದೂ ಹೋಗುತ್ತಿತ್ತು. ಬೋರ್ಡು ಸುಟ್ಟಿದ್ದರೆ ಅದೇ ಮಾಡೆಲಿನ ಇನ್ನೊಂದು ಡಿಸ್ಕನ್ನು ಗುಜರಿಯಲ್ಲಿ ಹುಡುಕಿ ಬೋರ್ಡು ಬದಲಾಯಿಸಿದರೆ ಮೊದಲೆಲ್ಲ ಎದ್ದುಬಿಡುತ್ತಿತ್ತು. ಆಮೇಲೆ ಪ್ರತಿ ಡಿಸ್ಕಿನ ಹೊಂದಾಣಿಕೆಯ ವಿವರ ಅದರದೇ ಬೋರ್ಡಿನ ಎಂಟು ಕಾಲಿನ ಚಿಪ್ಪಿನಲ್ಲಿ ಕೂತಿತು. ಆ ಚಿಪ್ಪನ್ನೂ ಬಿಸಿ ಮಾಡಿ ಕಿತ್ತು ಹೊಸ ಬೋರ್ಡಿಗೆ ಕೂರಿಸಬೇಕು. ಅಲ್ಲಿಗೆ ಇದು ಪುರುಸೊತ್ತಿನ ಕೆಲಸವಾಗಿ ಉಳಿಯಲಿಲ್ಲ.

ಅಳಿಸಿಕೊಡಿ ಎಂದು ಆಗ ಯಾರೂ ಕೇಳುತ್ತಿರಲಿಲ್ಲ. ಅಜ್ಜನ ಕಂಪ್ಯೂಟರ್ ಹಳೆ ಕಬ್ಬಿಣದ ಜೊತೆ ಗುಜರಿಗೆ, ಅಲ್ಲಿಂದ ಸಂಡೇ ಬಜಾರಿಗೆ. ನಾವು ಬಿಡಿಭಾಗಕ್ಕೆಂದು ತಂದ ಡಿಸ್ಕುಗಳಲ್ಲಿ ಯಾರ್ಯಾರದೋ ಸಂಸಾರ ಹಾಗೇ ಇರುತ್ತಿತ್ತು. ಇದು ನಮ್ಮೂರಿನ ಅಜಾಗರೂಕತೆ ಮಾತ್ರವಲ್ಲ. ಅಮೆರಿಕದ ಎಂಐಟಿಯಲ್ಲಿದ್ದ ಸಿಂಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ 158 ಸೆಕೆಂಡ್ ಹ್ಯಾಂಡ್ ಡಿಸ್ಕು ಕೊಂಡು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು: ಓಡುವ ಸ್ಥಿತಿಯಲ್ಲಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು ಬರೀ 12.

ಆಮೇಲೆ ಜನ ಇನ್ನೊಂದು ತುದಿಗೆ ಹೋದರು. ಡಿಸ್ಕಿನ ಮೇಲೆ 35 ಸಲ ಬೇರೆ ಬರೆದು ಹಳೆಯದನ್ನು ಅಳಿಸುವ, ಪೀಟರ್ ಗಟ್‌ಮನ್ 1996ರಲ್ಲಿ ಕೊಟ್ಟ ಲೆಕ್ಕ ಎಲ್ಲರ ಬಾಯಲ್ಲಿ. ಅದು ಹಳೆಯ ತರಹದ ಡಿಸ್ಕುಗಳನ್ನೆಲ್ಲ ಸೇರಿಸಿ ಮಾಡಿದ ಪಟ್ಟಿ, ಹೊಸ ಡಿಸ್ಕಿಗೆ ಅಷ್ಟೂ ಸಲ ಬರೆಯುವುದಕ್ಕೆ ಅರ್ಥವಿಲ್ಲ ಎಂದು ಮುಂದೆ ಅವರೇ ಸ್ಪಷ್ಟಪಡಿಸಿದ್ದಾರೆ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 2006ರ ಮಾರ್ಗಸೂಚಿಯೂ ಇಂದಿನ ತಿರುಗುವ ಡಿಸ್ಕುಗಳಿಗೆ ಒಂದು ಸಲ ಪೂರ್ತಿ ಮೇಲೆ ಬರೆದರೆ ಸಾಕು ಎಂದಿತು. ಒಂದು ಟೆರಾಬೈಟಿಗೆ ಹೆಚ್ಚುಕಡಿಮೆ ಮೂರು ಗಂಟೆ.

ಎಸ್‌ಎಸ್‌ಡಿ ಬಂದ ಮೇಲೆ ಎಲ್ಲ ತಿರುವುಮುರುವಾಯಿತು. 2009ರ ವಿಂಡೋಸ್ 7ರಿಂದ, ಫೈಲು ಡಿಲೀಟ್ ಆದ ಕೂಡಲೇ ಟ್ರಿಮ್ ಎಂಬ ಆಜ್ಞೆ ಡ್ರೈವಿಗೆ ಹೋಗುತ್ತದೆ. ಡ್ರೈವು ಬಿಡುವಾದಾಗ ಆ ಜಾಗವನ್ನು ತಾನೇ ತೊಳೆದುಕೊಳ್ಳುತ್ತದೆ. ಹೆಕ್ಕಲು ಏನೂ ಉಳಿದಿರುವುದಿಲ್ಲ. ಮೇಲೆ ಬರೆದು ಅಳಿಸುವುದೂ ಇಲ್ಲಿ ಭರವಸೆಯದಲ್ಲ, ಸವೆತ ಹಂಚಲು ಅದು ಬರೆಯುವ ಜಾಗವನ್ನು ಬದಲಿಸುತ್ತಲೇ ಇರುತ್ತದೆ. ಡ್ರೈವಿನದೇ ಸೆಕ್ಯೂರ್ ಇರೇಸ್ ಬಳಸಬೇಕು. ಇನ್ನು ಡ್ರೈವಿಗೇ ಬೀಗ ಬಿದ್ದಿದೆ. ಬಿಟ್‌ಲಾಕರ್ ಕೇಳುವ 48 ಅಂಕಿಯ ಕೀ ಎಷ್ಟೋ ಸಲ ತೀರಿಹೋದವರ ಆನ್‌ಲೈನ್ ಖಾತೆಯಲ್ಲಿರುತ್ತದೆ, ಆ ಖಾತೆಯ ಒಟಿಪಿ ಅವರ ಮೊಬೈಲಿಗೆ ಬರುತ್ತದೆ, ಆ ಸಿಮ್ಮಿಗೆ ಮನೆಯವರು ರೀಚಾರ್ಜ್ ನಿಲ್ಲಿಸಿರುತ್ತಾರೆ. “ಡಿಸ್ಕ್ ಚೆನ್ನಾಗಿದೆ ಅಮ್ಮ, ಆದರೆ ತೆಗೆಯೋಕೆ ಆಗಲ್ಲ” ಎಂದು ಹೇಳುವುದು ಈಗ ನನ್ನ ಕೆಲಸದ ಅತಿ ಕಷ್ಟದ ಭಾಗ. ಸುಟ್ಟ ಬೋರ್ಡಿನ ಮುಂದೆ ಇಷ್ಟು ಕೈಚೆಲ್ಲಿ ನಿಂತದ್ದಿಲ್ಲ.

ಬದುಕಿದ್ದಾಗಲೇ ದಾರಿ ಮಾಡಿಡುವ ಏರ್ಪಾಡುಗಳು ಬಂದಿವೆ. ಗೂಗಲ್ 2013ರಿಂದ, ಆಪಲ್ 2021ರಿಂದ ನಮ್ಮ ನಂತರ ಖಾತೆ ಯಾರಿಗೆ ಎಂದು ಹೆಸರಿಸಲು ಬಿಡುತ್ತವೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ನಾಮಿನಿಯ ಹಕ್ಕಿದೆ. ಕೌಂಟರಿನ ಮುಂದೆ ನಿಂತ ಪ್ರತಿಯೊಬ್ಬರಿಗೂ ಇದನ್ನು ಹೇಳುತ್ತೇನೆ. ಅರಿಶಿನ ಬಳಿದ ಡೈರಿಯಲ್ಲಿ ಕೀ ಬರೆದಿಟ್ಟರೂ ಆದೀತು.

ಅಳಿಸಲೆಂದೇ ಬರುವವರಿಗೆ ನನ್ನದು ಒಂದೇ ಷರತ್ತು. ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆದಿಡುವುದು, ವರ್ಷಾಬ್ದಿಕ ಕಳೆಯುವ ತನಕ ಮುಟ್ಟದಿರುವುದು. ತೀರಿಹೋದವರ ಹೆಸರಿನ ಆದಾಯ ತೆರಿಗೆ ರಿಟರ್ನನ್ನು ವಾರಸುದಾರರು ಸಲ್ಲಿಸಬೇಕಾಗುತ್ತದೆ. ಪಿಎಫ್, ವಿಮೆ, ಸೈಟಿನ ಕಾಗದ ಒಂದೊಂದಾಗಿ ಕೇಳಿಬರುತ್ತವೆ. ಹದಿಮೂರನೆಯ ದಿನ ಬೇಡವಾಗಿದ್ದ ಫೋಟೊ ಆರು ತಿಂಗಳಿಗೆ ಬೇಕಾಗುತ್ತದೆ. ವರ್ಷ ತುಂಬಿದ ಮೇಲೆ ಫೋನ್ ಮಾಡುತ್ತೇನೆ. ಮನೆಯವರೊಬ್ಬರು ಬಂದು ಪಕ್ಕದಲ್ಲಿ ಕೂತಿದ್ದರೆ ಮಾತ್ರ ಅಳಿಸುತ್ತೇನೆ.