ಗಟ್ಟಿ ಗುಂಡಿಗೆ

ಧೈರ್ಯವಂತನನ್ನು ಕಂಡರೆ 'ಅವನ ಗುಂಡಿಗೆ ಗಟ್ಟಿ' ಎನ್ನುವುದು ನಮ್ಮಲ್ಲಿ ವಾಡಿಕೆ. ಮೂವರನ್ನು ಎಳೆದುಕೊಂಡು ಬಂದು ಗೆರೆ ಮುಟ್ಟುವ ಕಬಡ್ಡಿಯ ಹುಡುಗನಿಗೂ, ಆಟ ನೋಡಿ ನಡುರಾತ್ರಿ ಒಬ್ಬನೇ ಗುಡ್ಡ ಇಳಿದು ಬರುವವನಿಗೂ ಈ ಮಾತು ಸಲ್ಲುತ್ತದೆ. ಆದರೆ ಎದೆಯೊಳಗಿನ ಆ ಮುಷ್ಟಿ ಗಾತ್ರದ ಮಾಂಸಖಂಡಕ್ಕೂ ಧೈರ್ಯಕ್ಕೂ ಏನೇನೂ ಸಂಬಂಧವಿಲ್ಲ. ಇದು ನನಗೆ ಮನದಟ್ಟಾದದ್ದು ನೆರೆಮನೆಯ ಹುಡುಗನೊಬ್ಬ ತೀರಿಕೊಂಡ ಮೇಲೆ.

ಅವನಿಗೆ ಹದಿನೇಳರ ಪ್ರಾಯ. ಸಂಜೆ ಬಯಲಿನಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದವನು, ಯಾರ ಮೈಯೂ ತಾಗದೆ, ಕವುಚಿ ಬಿದ್ದ. ಕೂಡಿದವರಲ್ಲಿ ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು. ಕೈಕಾಲು ಅದುರಿದ್ದನ್ನು ಕಂಡು ಇನ್ನೊಬ್ಬರು ಫಿಟ್ಸ್ ಎಂದೇ ತಿಳಿದು ಅಂಗೈಗೆ ಬೀಗದ ಕೈ ತುರುಕಿದರು. 'ಗೊರಕೆ ಕೇಳುತ್ತಿದೆ, ಉಸಿರಿದೆ, ಹೆದರಬೇಡಿ' ಎಂದರು ಮತ್ತೊಬ್ಬರು. ರಿಕ್ಷಾ ಬಂತು, ತಲಪಾಡಿ ದಾಟಿ ಆಸ್ಪತ್ರೆ ಸೇರುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಅಲ್ಲಿದ್ದವರನ್ನು ದೂರುವಂತಿಲ್ಲ. ತಮಗೆ ತಿಳಿದ ಒಳ್ಳೆಯದನ್ನೇ ಅವರು ಮಾಡಿದ್ದರು.

ಹದಿನೈದು ದಿನ ಕಳೆದು ಅವರ ಮನೆಗೆ ಹೋದಾಗ ತಾಯಿ ಹೇಳಿದರು: "ಮಾಷ್ಟ್ರೇ, ಕಳೆದ ವರ್ಷವೂ ಓಡುವಾಗ ಎರಡು ಸಲ ತಲೆ ತಿರುಗಿ ಬಿದ್ದಿದ್ದ. ಬೆಳಗ್ಗೆ ಸರಿಯಾಗಿ ತಿನ್ನುವುದಿಲ್ಲವಲ್ಲ, ಅದಕ್ಕೇ ಎಂದು ಎಣಿಸಿದೆವು. ನನ್ನ ತಮ್ಮನೂ ಹಾಗೆಯೇ, ಮೂವತ್ತು ತುಂಬುವ ಮೊದಲು ಮಲಗಿದಲ್ಲೇ ಹೋದದ್ದು." ಈ ಎರಡು ಸಂಗತಿಗಳನ್ನು ಯಾರೂ ಜೋಡಿಸಿ ನೋಡಿರಲಿಲ್ಲ. ಆಮೇಲೆ ವೈದ್ಯರ ಮಾತಿನಂತೆ ಅವನ ತಂಗಿಯನ್ನು ಪರೀಕ್ಷಿಸಿದಾಗ ಅವಳಲ್ಲಿಯೂ ಹೃದಯದ ಸ್ನಾಯು ಅಗತ್ಯಕ್ಕಿಂತ ದಪ್ಪವಾಗಿರುವುದು ಕಂಡುಬಂತು. ಅವಳೀಗ ದಿನವೂ ಮಾತ್ರೆ ತೆಗೆದುಕೊಳ್ಳುತ್ತಾಳೆ. ಓಟದ ಪಂದ್ಯಕ್ಕಿಲ್ಲ, ಹಾಡಿನ ಸ್ಪರ್ಧೆಗಿದ್ದಾಳೆ.

ಹೃದಯಾಘಾತವೂ ಹೃದಯಸ್ತಂಭನವೂ ಒಂದೇ ಎಂದು ತಿಳಿದವರು ಬಹಳ. ನಮ್ಮ ಅಡಿಕೆ ತೋಟದ ಪಂಪನ್ನೇ ನೋಡಿ. ಪೈಪಿಗೆ ಕಸ ಸಿಕ್ಕಿ ನೀರು ಬಾರದಿರುವುದು ಒಂದು ಬಗೆ. ಕರೆಂಟು ಕೆಟ್ಟು ಪಂಪೇ ನಿಲ್ಲುವುದು ಇನ್ನೊಂದು. ರಕ್ತನಾಳ ಕಟ್ಟಿಕೊಳ್ಳುವುದು ಆಘಾತ. ಹೃದಯದ ವಿದ್ಯುತ್ತಿನ ಲಯ ತಪ್ಪಿ, ಅದು ಬಡಿಯುವ ಬದಲು ಬರಿದೇ ಅದುರತೊಡಗಿ, ರಕ್ತ ಹರಿಯದೆ ಹೋಗುವುದು ಸ್ತಂಭನ. ಪ್ರಾಯದವರಲ್ಲಿ ಮೊದಲನೆಯದೇ ಹೆಚ್ಚಾಗಿ ಎರಡನೆಯದಕ್ಕೆ ದಾರಿಯಾಗುತ್ತದೆ. ಎಳೆಯರಲ್ಲಿ ಕಾರಣಗಳು ಬೇರೆ: ವಂಶದಲ್ಲಿ ಬಂದ ಸ್ನಾಯುವಿನ ದೋಷ, ವಿದ್ಯುತ್ತಿನ ದೋಷ, ಹುಟ್ಟುವಾಗಲೇ ತಪ್ಪು ಜಾಗದಿಂದ ಹೊರಟ ರಕ್ತನಾಳ, ಕೆಲವೊಮ್ಮೆ ವೈರಸ್ ಜ್ವರದಿಂದ ಹೃದಯಕ್ಕೆ ತಗಲಿದ ಉರಿಯೂತ. ಹೊರಗಿನಿಂದ ನೋಡಿದರೆ ಹುಡುಗ ಕಲ್ಲುಗುಂಡಿನಂತೆಯೇ ಇರುತ್ತಾನೆ.

ಫುಟ್‌ಬಾಲಿನ ಮರುಳು ನಮ್ಮ ಮಕ್ಕಳಿಗೆ ಇದೆಯಷ್ಟೆ. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯ. ಗೋವೆಯ ಡೆಂಪೊ ತಂಡಕ್ಕೆ ಆಡುತ್ತಿದ್ದ ಬ್ರೆಜಿಲಿನ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೆಯ ಗೋಲು ಹೊಡೆಯುವಾಗ ಎದುರಾಳಿ ಗೋಲಿಗೆ ಡಿಕ್ಕಿಯಾಗಿ ಬಿದ್ದವನು ಮತ್ತೆ ಏಳಲಿಲ್ಲ. ಆಗ ಅವನಿಗೆ ಇಪ್ಪತ್ತೈದು ವರ್ಷ. 2021ರ ಜೂನ್ 12ರಂದು ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಕ್ರಿಸ್ಟಿಯನ್ ಎರಿಕ್ಸನ್ ಎಂಬ ಆಟಗಾರ ಹಾಗೆಯೇ ಕುಸಿದ. ಹೃದಯ ನಿಂತಿತ್ತು. ಆದರೆ ಕೂಡಲೇ ಎದೆ ಒತ್ತಿದರು, ಮೈದಾನದಲ್ಲೇ ಯಂತ್ರದಿಂದ ವಿದ್ಯುತ್ ಆಘಾತ ಕೊಟ್ಟರು, ಹೃದಯ ಮತ್ತೆ ಬಡಿಯಿತು. ಎದೆಯೊಳಗೆ ಪುಟ್ಟ ಯಂತ್ರವನ್ನಿಟ್ಟುಕೊಂಡು ಅವನು ಮರುವರ್ಷವೇ ಆಟಕ್ಕೆ ಮರಳಿದ; 2024ರ ಯುರೋ ಕಪ್ಪಿನಲ್ಲಿ ಗೋಲನ್ನೂ ಹೊಡೆದ.

ನಿಂತ ಹೃದಯಕ್ಕೆ ಏನೂ ಮಾಡದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಕುಂಜತ್ತೂರಿನ ನಮಗೆ ದೊಡ್ಡ ಕಾಯಿಲೆಯೆಂದರೆ ಮಂಗಳೂರೇ ಗತಿ. 2020ರ ಮಾರ್ಚ್ ಕೊನೆಗೆ ಕೋವಿಡ್ ಕಾಲದಲ್ಲಿ ತಲಪಾಡಿಯ ದಾರಿ ಮುಚ್ಚಿ, ಗಡಿ ದಾಟಲಾಗದೆ ನಮ್ಮ ಕಡೆಯ ರೋಗಿಗಳು ಪ್ರಾಣಬಿಟ್ಟದ್ದನ್ನು ಹೆತ್ತವರು ಮರೆತಿರಲಾರರು. ಆದರೆ ದಾರಿ ತೆರೆದೇ ಇದ್ದರೂ ನಿಂತ ಹೃದಯ ಟೋಲ್ ಗೇಟಿನ ತನಕವೂ ಕಾಯುವುದಿಲ್ಲ. ಆ ಹತ್ತು ನಿಮಿಷದ ಮಟ್ಟಿಗೆ ಪಕ್ಕದಲ್ಲಿರುವವನ ಎರಡು ಕೈಗಳೇ ಆಸ್ಪತ್ರೆ.

ಬಿದ್ದವನನ್ನು ತಟ್ಟಿ ಕರೆಯಬೇಕು. ಓಗೊಡದಿದ್ದರೆ, ಉಸಿರು ಸಹಜವಾಗಿಲ್ಲದಿದ್ದರೆ (ಆಗೊಮ್ಮೆ ಈಗೊಮ್ಮೆ ಏದುವ, ಗೊರಕೆಯಂಥ ಸದ್ದು ಉಸಿರಲ್ಲ) ಒಬ್ಬ 108ಕ್ಕೆ ಫೋನು ಮಾಡಲಿ, ಇನ್ನೊಬ್ಬ ಅಂಗಾತ ಮಲಗಿಸಿ ಮೊಣಕಾಲೂರಿ ಕೂರಲಿ. ಎದೆಯ ನಡುವೆ ಅಂಗೈಯ ಬುಡವಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ತೋಳು ಮಡಚದೆ ಎರಡು ಇಂಚು ತಗ್ಗುವಂತೆ ಒತ್ತಬೇಕು; ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ. ಎರಡು ನಿಮಿಷದಲ್ಲೇ ಒತ್ತುವವನ ಬೆನ್ನು ಸೋಲುತ್ತದೆ, ಆಗ ಕೈ ಬದಲಾಗಲಿ. ಪಕ್ಕೆಲುಬು ಮುರಿದೀತೆಂಬ ಹೆದರಿಕೆ ಬೇಡ, ಮುರಿದ ಎಲುಬು ಕೂಡಿಕೊಳ್ಳುತ್ತದೆ. ಬಾಯಿಗೆ ನೀರು ಹೊಯ್ಯುವುದಂತೂ ಕೂಡದು. ವಿದ್ಯುತ್ ಆಘಾತ ಕೊಡುವ ಎ.ಇ.ಡಿ. ಎಂಬ ಪೆಟ್ಟಿಗೆ ಹತ್ತಿರವಿದ್ದರೆ ತರಬೇಕು. ಅದೇ ಮಾತಾಡಿ ದಾರಿ ಹೇಳುತ್ತದೆ. ನಮ್ಮ ಎನ್.ಸಿ.ಸಿ., ಸ್ಕೌಟ್ ಮಕ್ಕಳಿಗೆ ಇದೊಂದು ಮಧ್ಯಾಹ್ನದ ಪಾಠ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ಕನ್ನಡ ಬಲ್ಲ ಮನೆಗಳಲ್ಲೆಲ್ಲ ಹೆದರಿಕೆ ಹೊಕ್ಕಿತು. 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಬಂದಾಗ ಹೃದ್ರೋಗ ಆಸ್ಪತ್ರೆಗಳ ಮುಂದೆ ಸಾಲು ನಿಂತಿತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ಸಮಿತಿ ಪರಿಶೀಲಿಸಿ, ಕೋವಿಡ್ ಲಸಿಕೆ ಇದಕ್ಕೆ ಕಾರಣವಲ್ಲವೆಂದು ವರದಿ ಕೊಟ್ಟಿತು. ವರದಿಗಿಂತ ವಾಟ್ಸಾಪಿನ ಮಾತೇ ಬೇಗ ಮನೆ ಮುಟ್ಟಿದ್ದು ಬೇರೆ ವಿಷಯ. ಎಲ್ಲರೂ ಎಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕಾಗಿಲ್ಲ. ಯಾರು ಮಾಡಿಸಲೇಬೇಕೆಂಬುದು ತಿಳಿದಿರಬೇಕು.

ಅಸೆಂಬ್ಲಿಯಲ್ಲಿ ಬಿಸಿಲಿಗೆ ನಿಂತು ಬವಳಿ ಬಂದರೆ ಅದು ಹೆಚ್ಚಾಗಿ ಅಪಾಯದ್ದಲ್ಲ. ಓಡುತ್ತಿರುವಾಗಲೇ ಪ್ರಜ್ಞೆ ತಪ್ಪಿದರೆ, ಆಟದ ನಡುವೆ ಎದೆ ನೋವು ಬಂದರೆ, ಹಠಾತ್ ಸದ್ದಿಗೆ ಬೆಚ್ಚಿ ಪ್ರಜ್ಞೆ ತಪ್ಪಿದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ಪ್ರಾಯದಲ್ಲೇ ಕಾರಣ ತಿಳಿಯದೆ ಸತ್ತಿದ್ದರೆ, ಈಜು ಬಲ್ಲವನೇ ಹೊಳೆಯಲ್ಲಿ ಮುಳುಗಿದ್ದರೂ ಸಹ, ವೈದ್ಯರಿಗೆ ಹೇಳಿ ಇ.ಸಿ.ಜಿ. ತೆಗೆಸಬೇಕು, ಅವರು ಬೇಕೆಂದರೆ ಎಕೊ ಕೂಡ. ಹುಟ್ಟಿನಿಂದ ಹೃದಯದ ತೊಂದರೆಯಿರುವ ಮಕ್ಕಳಿಗಾಗಿ ಕೇರಳ ಸರಕಾರ 2017ರಲ್ಲಿ ಆರಂಭಿಸಿದ 'ಹೃದ್ಯಂ' ಯೋಜನೆಯಲ್ಲಿ ಉಚಿತ ಚಿಕಿತ್ಸೆಯೂ ಇದೆ.

ಹೆತ್ತವರೇ, ಕ್ರೀಡಾಕೂಟಕ್ಕೆ ಮೊದಲು ಒಪ್ಪಿಗೆಯ ಚೀಟಿ ನಿಮ್ಮ ಕೈಗೆ ಬರುತ್ತದಲ್ಲ, ಸಹಿ ಹಾಕುವ ಮೊದಲು ಮಗುವನ್ನು ಪಕ್ಕಕ್ಕೆ ಕರೆದು ಇವಿಷ್ಟನ್ನು ಕೇಳಿ. ಅಜ್ಜಿಯಿದ್ದರೆ ಅವರನ್ನೂ ಕೇಳಿ. ಮನೆತನದ ಹಳೆಯ ಸಾವುಗಳ ಲೆಕ್ಕ ಇರುವುದು ಅವರ ಬಳಿಯೇ. ಏನಾದರೂ ತಿಳಿದುಬಂದರೆ ಚೀಟಿಯ ಹಿಂಬದಿಯಲ್ಲಿ ಎರಡು ಸಾಲು ಬರೆದು ಕಳುಹಿಸಿ.